ಅದ್ಭುತಕ್ಕೂ ಒಂದು ನ್ಯಾಯವುಂಟು

ಮಾಯಾಕಥೆಗಳ ಮತ್ತು ವಿಜ್ಞಾನಕಥೆಗಳ ಚಲನಚಿತ್ರಗಳನ್ನು ಕುರಿತು ನಮ್ಮಲ್ಲಿ ಒಂದು ಅಭಿಪ್ರಾಯವು ಬಹುಕಾಲದಿಂದ ಯಾರ ಪ್ರಶ್ನೆಗೂ ಒಳಗಾಗದೆ ನೆಲೆನಿಂತಿದೆ. ಇಂತಹ ಚಿತ್ರಗಳಲ್ಲಿ ಲಾಜಿಕ್ ಹುಡುಕಬಾರದು, ಕಾರ್ಯಕಾರಣಗಳನ್ನು ವಿಚಾರಿಸಬಾರದು, ಬುದ್ಧಿಯನ್ನು ಮನೆಯಲ್ಲಿಯೇ ಬಿಟ್ಟುಹೋಗಿ ಕಣ್ಣಿಗೆ ದೊರೆಯುವ ಹಬ್ಬವನ್ನು ಅನುಭವಿಸಿ ಮರಳಬೇಕು ಎಂಬುದೇ ಆ ಅಭಿಪ್ರಾಯ. ನಿರ್ಮಾಪಕರು ತಮ್ಮ ಕೃತಿಯ ದೌರ್ಬಲ್ಯಕ್ಕೆ ರಕ್ಷೆಯಾಗಿ ಇದನ್ನು ಹೇಳುತ್ತಾರೆ. ವಿಮರ್ಶಕರು ತಮ್ಮ ಹೊಣೆಯಿಂದ ಬಿಡುಗಡೆ ಪಡೆಯುವುದಕ್ಕಾಗಿ ಇದನ್ನು ಅನುಮೋದಿಸುತ್ತಾರೆ. ಟಿಕೇಟಿಗೆ ಹಣ ತೆತ್ತ ಪ್ರೇಕ್ಷಕರೂ, ತಮಗಾದ ನಿರಾಶೆಯನ್ನು ತಾವೇ ಸಂತೈಸಿಕೊಳ್ಳುವಂತೆ, ಇದನ್ನೇ ಪುನರುಚ್ಚರಿಸುತ್ತಾರೆ. ಇಂತಹ ಚಿತ್ರಗಳನ್ನು ಬಾಲ್ಯದಿಂದಲೂ ಪ್ರೀತಿಸಿ ನೋಡುತ್ತಬಂದ ಒಬ್ಬ ಪ್ರೇಕ್ಷಕನಾಗಿ ನಾನು ಹೇಳಬೇಕಾದುದಿಷ್ಟು: ಈ ಅಭಿಪ್ರಾಯವು ಅಸತ್ಯವಾದುದು, ಕಲೆಗೆ ಕೇಡನ್ನುಂಟುಮಾಡತಕ್ಕದ್ದು, ಪ್ರೇಕ್ಷಕನ ವಿವೇಕಕ್ಕೆ ಅಪಮಾನಕರವಾದುದು. ಇದನ್ನು ನಾವು ಇನ್ನು ಸಹಿಸಬಾರದು.

ಈ ಮತವನ್ನು ಎತ್ತಿಹಿಡಿಯುವವರ ಮುಖ್ಯವಾದ ವಾದವೆಂದರೆ, ಕಥೆಯೇ ಅಸಂಭವವಾಗಿರುವಾಗ ಅದರೊಳಗೆ ಸಂಭವಾಸಂಭವಗಳ ಪರಿಶೀಲನೆ ಏತಕ್ಕೆ ಎಂಬುದು. ಕೇಳಿದೊಡನೆ ಸರಿಯೆಂದು ತೋರುವ ಈ ವಾದವು ನಮ್ಮ ಪುರಾಣಗಳ ಎದುರಿನಲ್ಲಿ ಒಂದು ಗಳಿಗೆಯೂ ನಿಲ್ಲಲಾರದು. ಹಿರಣ್ಯಕಶಿಪುವಿನ ಕಥೆಯನ್ನು ನೆನೆಯೋಣ. ಮನುಷ್ಯನಿಂದಾಗಲಿ ಮೃಗದಿಂದಾಗಲಿ, ಹಗಲಿನಲ್ಲಾಗಲಿ ಇರುಳಿನಲ್ಲಾಗಲಿ, ಒಳಗಾಗಲಿ ಹೊರಗಾಗಲಿ, ನೆಲದ ಮೇಲಾಗಲಿ ಆಕಾಶದಲ್ಲಾಗಲಿ, ಯಾವ ಆಯುಧದಿಂದಲೂ ತನಗೆ ಮರಣವು ಬರಕೂಡದೆಂದು ಅವನು ವರವನ್ನು ಬೇಡಿ ಪಡೆದನು. ಅವನನ್ನು ಕೊಲ್ಲಬೇಕಾದವನು ಸಾಕ್ಷಾತ್ ಭಗವಂತ. ವರವನ್ನು ಬದಿಗೊತ್ತಿ ಕೊಲ್ಲುವ ಶಕ್ತಿಯೂ ಅವನಿಗಿದ್ದಿತು. ಆದರೂ ಕಥೆಯನ್ನು ಕಟ್ಟಿದವರು ದೇವರಿಗೆ ಕೂಡ ಆ ಸ್ವಾತಂತ್ರ್ಯವನ್ನು ಕೊಡಲಿಲ್ಲ. ನರನೂ ಅಲ್ಲದ ಮೃಗವೂ ಅಲ್ಲದ ರೂಪದಿಂದ, ಹಗಲಿರುಳುಗಳು ಕೂಡುವ ಸಂಧ್ಯೆಯಲ್ಲಿ, ಹೊಸ್ತಿಲಿನ ಮೇಲೆ, ತೊಡೆಯ ಮೇಲಿರಿಸಿಕೊಂಡು, ಉಗುರಿನಿಂದ ಸೀಳಬೇಕಾಯಿತು. ವರದ ಒಂದೊಂದು ಷರತ್ತೂ ಅಕ್ಷರಶಃ ಪಾಲಿತವಾಯಿತು. ಪಾಲಿತವಾದುದರಿಂದಲೇ ಕೇಳುವವನ ಮೈ ನವಿರೇಳುವುದು. ಕಂಬ ಒಡೆದು ಬಂದ ಸಿಂಹಮುಖದ ದೇವರು ಆ ಷರತ್ತುಗಳನ್ನೆಲ್ಲ ಮುರಿದು ಅಸುರನನ್ನು ಹೊಡೆದುಹಾಕಿದ್ದರೆ ಈ ಕಥೆಯು ಇಷ್ಟು ಶತಮಾನಗಳವರೆಗೆ ಬದುಕಿರುತ್ತಿತ್ತೆ?

ಭಸ್ಮಾಸುರನ ಕಥೆಯ ನಡೆಯೂ ಹೀಗೆಯೇ. ತಾನು ಬೇಡಿದ ವರವೇ ತನ್ನ ನೆತ್ತಿಯ ಮೇಲೆ ಇಳಿಯುವಂತೆ, ನೃತ್ಯದ ನೆವದಿಂದ ಮೋಹಿನಿಯು ಅವನ ಕೈಯನ್ನು ಅವನ ತಲೆಗೇ ಒಯ್ಯುತ್ತಾಳೆ. ಹೊಸದೊಂದು ಅಸ್ತ್ರವು ಆಕಾಶದಿಂದ ಬೀಳುವುದಿಲ್ಲ. ಸಾವಿತ್ರಿಯು ಯಮನಿಂದ ಗಂಡನ ಪ್ರಾಣವನ್ನು ಮರಳಿ ಪಡೆದದ್ದು ಕಣ್ಣೀರಿನಿಂದಾಗಲಿ ಮಂತ್ರದಿಂದಾಗಲಿ ಅಲ್ಲ. ಸತ್ಯವಾನನ ಪ್ರಾಣವೊಂದನ್ನು ಬಿಟ್ಟು ಬೇರೇನನ್ನಾದರೂ ಕೇಳೆಂದ ಯಮನು ಅವಳಿಗೆ ಮಕ್ಕಳಾಗಲೆಂದು ವರವಿತ್ತು, ಆ ಮಾತನ್ನು ಉಳಿಸಿಕೊಳ್ಳುವುದಕ್ಕಾಗಿ ತನ್ನ ಪಾಶವನ್ನೇ ಸಡಿಲಿಸಬೇಕಾಯಿತು. ಅದ್ಭುತರಸಕ್ಕೆ ವಿಸ್ಮಯವು ಸ್ಥಾಯಿಭಾವವೆಂದು ಭರತನ ನಾಟ್ಯಶಾಸ್ತ್ರವು ಹೇಳುತ್ತದೆ. ರಸಭಂಗಕ್ಕೆ ಅನೌಚಿತ್ಯವನ್ನು ಬಿಟ್ಟರೆ ಬೇರೆ ಕಾರಣವಿಲ್ಲವೆಂದು ಆನಂದವರ್ಧನನು ನಿರ್ಣಯಿಸಿದನು. ಔಚಿತ್ಯವನ್ನೇ ಕಾವ್ಯದ ಜೀವವೆಂದು ಕ್ಷೇಮೇಂದ್ರನು ಸಾಧಿಸಿದನು. ಈ ಆಚಾರ್ಯರ ಮುಂದಿದ್ದ ಸಾಹಿತ್ಯದಲ್ಲಿ ಹಾರುವ ವಿಮಾನಗಳೂ, ಹತ್ತು ತಲೆಯ ರಾಕ್ಷಸರೂ, ಮಾತಾಡುವ ಹಂಸಗಳೂ ತುಂಬಿದ್ದವು. ಅವರಾರೂ ಅದ್ಭುತಕ್ಕೆ ಔಚಿತ್ಯದಿಂದ ವಿನಾಯಿತಿಯನ್ನು ಕೊಡಲಿಲ್ಲ. ಸಾವಿರ ವರ್ಷಗಳ ಹಿಂದೆ ದೊರೆಯದ ವಿನಾಯಿತಿಯನ್ನು ಇಂದು ಚಿತ್ರೋದ್ಯಮಕ್ಕೆ ಕೊಟ್ಟವರಾರು? ನಿಜವಾದ ನಿಯಮವಾದರೋ ಪ್ರಚಲಿತ ಮತಕ್ಕೆ ನೇರವಾಗಿ ವಿರುದ್ಧವಾದುದು: ಕಥೆಯ ಮೂಲಕಲ್ಪನೆಯು ಎಷ್ಟು ಅಸಂಭವವೋ ಅದರ ಒಳಗಿನ ಕಟ್ಟಳೆಯು ಅಷ್ಟು ಬಿಗಿಯಾಗಿರಬೇಕು. ಸಾಮಾಜಿಕ ಚಿತ್ರದ ತಪ್ಪುಗಳನ್ನು ನಾವು ಕಂಡ ಲೋಕವು ತುಂಬಿಕೊಡಬಹುದು. ಕಲ್ಪಿತ ಲೋಕಕ್ಕೆ ಕರ್ತೃವಿನ ನಿಯಮನಿಷ್ಠೆಯ ಹೊರತು ಬೇರೆ ಆಧಾರವಿಲ್ಲ.

ಈ ನಿಷ್ಠೆಯು ತಪ್ಪಿದಾಗ ಮೊದಲು ನಷ್ಟವಾಗುವುದು ಮೃತ್ಯುವಿನ ಬೆಲೆ. 2018ರಲ್ಲಿ ತೆರೆಕಂಡ ಅವೆಂಜರ್ಸ್ ಸರಣಿಯ ಚಿತ್ರವೊಂದರಲ್ಲಿ ಖಳನ ಬೆರಳಿನ ಒಂದು ಚಿಟಿಕೆಗೆ ವಿಶ್ವದ ಜೀವರಾಶಿಯಲ್ಲಿ ಅರ್ಧವು ಬೂದಿಯಾಯಿತು; 2019ರಲ್ಲಿ ಬಂದ ಅದರ ಮುಂದುವರಿಕೆಯಲ್ಲಿ ಕಾಲಯಾನದ ನೆರವಿನಿಂದ ಆ ಅರ್ಧವೆಲ್ಲ ಮರಳಿ ಎದ್ದುಬಂದಿತು. ಅಲ್ಲಿಂದ ಮುಂದೆ ಬಹುವಿಶ್ವವೆಂಬ ಕಲ್ಪನೆಯು ಒದಗಿಬಂದು, ಸತ್ತವರ ಪ್ರತಿರೂಪಗಳು ಇನ್ನೊಂದು ವಿಶ್ವದಿಂದ ಬೇಕೆಂದಾಗ ಬಂದಿಳಿಯುವ ಪದ್ಧತಿಯೇ ಬೆಳೆಯಿತು. ಕೋಟ್ಯಂತರ ಪ್ರೇಕ್ಷಕರು ಕಣ್ಣೀರು ಸುರಿಸಿದ ಅಗಲಿಕೆಗಳು ಹೀಗೆ ಮುಂದಿನ ಚಿತ್ರದ ವ್ಯಾಪಾರಕ್ಕಾಗಿ ರದ್ದಾಗುತ್ತವೆ. ಸಾವಿತ್ರಿಯ ಕಥೆಯಲ್ಲಿಯೂ ಸತ್ತವನು ಬದುಕಿದನು. ಆದರೆ ಅಲ್ಲಿ ಒಬ್ಬ ಹೆಂಗಸು ಕಾಡಿನಲ್ಲಿ ಯಮನ ಹಿಂದೆ ನಡೆದು, ಪ್ರತಿಯೊಂದು ಹೆಜ್ಜೆಗೂ ಬುದ್ಧಿಯ ಬೆಲೆಯನ್ನು ತೆತ್ತಳು. ಬೆಲೆಯಿಲ್ಲದೆ ಮರಳುವ ಪ್ರಾಣಕ್ಕೆ ಗೌರವವೆಲ್ಲಿಯದು? ತರ್ಕವನ್ನು ಕೇಳಬೇಡಿರೆಂದು ನಮಗೆ ಹೇಳುವವರು ವಸ್ತುತಃ ದುಃಖವನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಡಿರೆಂದು ಹೇಳುತ್ತಿದ್ದಾರೆ.

ಎರಡನೆಯ ಆರೋಪವು ವಿಜ್ಞಾನವನ್ನು ಕುರಿತದ್ದು. ವಿಜ್ಞಾನಕಥೆಯೆಂಬ ಹೆಸರಿನಿಂದ ಬರುವ ಚಿತ್ರಗಳಲ್ಲಿ ಹೆಚ್ಚಿನವು ವಿಜ್ಞಾನದ ಪರಿಭಾಷೆಯನ್ನು ಮಂತ್ರದಂತೆ ಬಳಸುತ್ತವೆ. ಕ್ವಾಂಟಮ್ ಎಂದರೆ ಸಾಕು, ಯಾವ ಬಾಗಿಲಾದರೂ ತೆರೆಯುತ್ತದೆ, ಡಿ.ಎನ್.ಎ. ಎಂದರೆ ಸಾಕು, ಯಾವ ಮನುಷ್ಯನಾದರೂ ಯಾವ ಪ್ರಾಣಿಯಾದರೂ ಆಗುತ್ತಾನೆ. ಪ್ರಯೋಗ, ಸಂಶಯ, ವೈಫಲ್ಯ, ಪುನಃ ಪ್ರಯೋಗ ಎಂಬ ವಿಜ್ಞಾನದ ನಿಜವಾದ ನಡೆಯು ಅಲ್ಲಿ ಕಾಣಸಿಗದು. ವೈದ್ಯ, ಔಷಧ, ವ್ಯಾಧಿ, ಹವಾಮಾನಗಳ ವಿಷಯದಲ್ಲಿ ಸುಳ್ಳು ವಿಜ್ಞಾನವು ಮನೆಮನೆಯ ಫೋನಿನೊಳಗೆ ಹರಿದುಬರುತ್ತಿರುವ ಕಾಲದಲ್ಲಿ, ವಿಜ್ಞಾನವೆಂದರೆ ಪ್ರಶ್ನಿಸದೆ ನಂಬಬೇಕಾದ ಗಂಭೀರ ಶಬ್ದಗಳ ಸಮೂಹವೆಂಬ ಅಭ್ಯಾಸವನ್ನು ಜನಕ್ಕೆ ಕಲಿಸುವುದು ನಿರಪಾಯಕರವಾದ ಮನರಂಜನೆಯೆ? ಕಲ್ಪನೆಗೆ ವಿಜ್ಞಾನವು ಬೇಲಿಯೆಂದು ಭಾವಿಸುವವರು ವಿಜ್ಞಾನವನ್ನೂ ಅರಿಯರು, ಕಲ್ಪನೆಯನ್ನೂ ಅರಿಯರು.

ಇದೇ ಮತದ ಇನ್ನೊಂದು ಮುಖವು ಹಣದ ಆರಾಧನೆ. ಕಣ್ಣಿನ ಹಬ್ಬವೇ ಚಿತ್ರದ ಪರಮಾರ್ಥವೆಂದಾದ ಮೇಲೆ, ಹಬ್ಬಕ್ಕೆ ಹೆಚ್ಚು ಸುರಿದವನೇ ಹೆಚ್ಚಿನ ಕಲಾವಿದನೆಂಬ ನಿರ್ಣಯವು ತಾನಾಗಿಯೇ ಹಿಂಬಾಲಿಸುತ್ತದೆ. ಇಂದು ಇಂತಹ ಚಿತ್ರದ ಸುದ್ದಿಯು ಕಥೆಯಿಂದಲ್ಲ, ಬಜೆಟ್ಟಿನಿಂದ ಆರಂಭವಾಗುತ್ತದೆ. ಆದರೆ ಈ ಪ್ರಕಾರದ ಚರಿತ್ರೆಯು ಏನು ಹೇಳುತ್ತದೆ? ಫ್ರಾನ್ಸಿನ ಜಾರ್ಜ್ ಮೆಲಿಯೆಸ್ ಎಂಬ ಇಂದ್ರಜಾಲಿಗನು 1902ರಲ್ಲಿ ಬಣ್ಣ ಬಳಿದ ಪರದೆಗಳ ಮುಂದೆ ಮನುಷ್ಯರನ್ನು ಚಂದ್ರನಿಗೆ ಕಳುಹಿಸಿದನು. ಅದೇ ದೇಶದ ಕ್ರಿಸ್ ಮಾರ್ಕರ್ 1962ರಲ್ಲಿ ‘ಲಾ ಜೆತೇ’ ಎಂಬ 28 ನಿಮಿಷಗಳ ಕಾಲಯಾನದ ಚಿತ್ರವನ್ನು ಮಾಡಿದಾಗ, ಒಂದೆರಡು ಕ್ಷಣಗಳ ಚಲನೆಯನ್ನು ಬಿಟ್ಟರೆ ಅದೆಲ್ಲವನ್ನೂ ಸ್ಥಿರಚಿತ್ರಗಳಿಂದಲೇ ಕಟ್ಟಿದನು. ಬಾಲ್ಯದಲ್ಲಿ ವಿಮಾನನಿಲ್ದಾಣದಲ್ಲಿ ಕಂಡ ಒಂದು ಮುಖವನ್ನೂ ಒಬ್ಬನ ಮರಣವನ್ನೂ ಮರೆಯಲಾರದವನು, ಕಾಲದಲ್ಲಿ ಹಿಂದಕ್ಕೆ ಹೋಗಿ, ತಾನು ಅಂದು ಕಂಡದ್ದು ತನ್ನ ಸಾವನ್ನೇ ಎಂದು ಅರಿಯುವ ಆ ಕಥೆಯಲ್ಲಿ ನಿಯಮವು ಎಲ್ಲಿಯೂ ಸಡಿಲವಾಗದು. ಸಡಿಲವಾಗದ ಕಾರಣದಿಂದಲೇ ಅದು ಹೃದಯವನ್ನು ಕಲಕುವುದು. ತಾರ್ಕೋವ್‌ಸ್ಕಿಯ 1979ರ ‘ಸ್ಟಾಕರ್’ ಚಿತ್ರದಲ್ಲಿ ಹುಲ್ಲು, ನೀರು, ಹಾಳು ಕಟ್ಟಡಗಳನ್ನು ಬಿಟ್ಟು ಹೆಚ್ಚಿನದೇನೂ ಕಾಣದು. ಮನುಷ್ಯನು ಬಾಯಿಯಿಂದ ಬೇಡಿದ್ದನ್ನು ಬಿಟ್ಟು ಅಂತರಂಗದಲ್ಲಿ ಬಯಸಿದ್ದನ್ನು ಈಡೇರಿಸುವ ಒಂದು ಕೋಣೆ ಅಲ್ಲಿದೆಯೆಂಬ ಮಾತೊಂದೇ ಆ ಹುಲ್ಲುಗಾವಲನ್ನು ಭಯಾನಕವಾಗಿಸುತ್ತದೆ. ಅಮೆರಿಕದ ಶೇನ್ ಕರೂತ್ ಸುಮಾರು 7000 ಡಾಲರುಗಳಲ್ಲಿ ತೆಗೆದ ‘ಪ್ರೈಮರ್’ ಎಂಬ ಕಾಲಯಾನದ ಚಿತ್ರವು 2004ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಪರಮೋಚ್ಚ ಬಹುಮಾನವನ್ನು ಪಡೆಯಿತು.

ಪರದೇಶದ ಉದಾಹರಣೆಗಳು ಸಾಲವೆನ್ನುವವರಿಗೆ ನಮ್ಮ ನೆರೆಯ ನಿದರ್ಶನಗಳುಂಟು. 1957ರಲ್ಲಿ ಕೆ.ವಿ. ರೆಡ್ಡಿಯವರು ನಿರ್ದೇಶಿಸಿ ಮಾರ್ಕಸ್ ಬಾರ್ಟ್ಲಿ ಛಾಯಾಗ್ರಹಣ ಮಾಡಿದ ‘ಮಾಯಾಬಜಾರ್’ ಚಿತ್ರದಲ್ಲಿ ಗಣಕಯಂತ್ರದ ನೆರವಿಲ್ಲದೆ ಏನೆಲ್ಲ ಸಾಧಿತವಾಯಿತೆಂಬುದನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಅದಕ್ಕಿಂತ ಹೆಚ್ಚಾಗಿ ಹೊಗಳಬೇಕಾದದ್ದು ಅದರ ಮಾಯಾವಸ್ತುಗಳ ಹಿಂದಿನ ಆಲೋಚನೆ. ನೋಡಿದವರಿಗೆ ಅವರ ಪರಮಪ್ರಿಯವಾದುದನ್ನು ತೋರಿಸುವ ಪೆಟ್ಟಿಗೆಯಲ್ಲಿ ಶಶಿರೇಖೆಗೆ ಅಭಿಮನ್ಯುವು ಕಾಣುತ್ತಾನೆ, ಶ್ರೀಕೃಷ್ಣನಿಗೆ ಶಕುನಿಯು ಕಾಣುತ್ತಾನೆ. ಹೆಜ್ಜೆಯಿಟ್ಟವರ ಬಾಯಿಂದ ನಿಜವನ್ನು ಹೊರಡಿಸುವ ಮಾಯಾಸಾಧನದ ಮೇಲೆ ಕೊನೆಗೆ ಆ ಶಕುನಿಯೇ ನಿಂತು ತನ್ನ ಕಪಟವನ್ನು ತಾನೇ ನುಡಿಯುತ್ತಾನೆ. ಮಾಯೆಯು ಅಲ್ಲಿ ಪಾತ್ರದ ಅಂತರಂಗವನ್ನು ತೆರೆಯುವ ಸಾಧನ. ಸತ್ಯಜಿತ್ ರಾಯರ 1969ರ ‘ಗೂಪಿ ಗಾಯ್ನೆ ಬಾಘಾ ಬಾಯ್ನೆ’ಯಲ್ಲಿ ಭೂತರಾಜನು ಇಬ್ಬರು ಬಡ ಹಳ್ಳಿಗರಿಗೆ ಕೊಡುವ ವರಗಳಲ್ಲಿ ಕೆಲವು ಇಬ್ಬರೂ ಕೈಗೆ ಕೈ ತಟ್ಟಿದರಲ್ಲದೆ ಫಲಿಸವು, ಅವರ ಸಂಗೀತಕ್ಕೆ ಕೇಳುವವರನ್ನು ನಿಂತಲ್ಲಿಯೇ ನಿಲ್ಲಿಸುವ ಶಕ್ತಿಯೊಂದುಂಟು, ಬೇಡಿದ ಅನ್ನವನ್ನು ಪಡೆಯುವ ವರವೊಂದುಂಟು. ಹಸಿದ ಸೈನ್ಯವನ್ನು ಹಾಡಿನಿಂದ ತಡೆದು, ಮಿಠಾಯಿಯ ಮಡಕೆಗಳನ್ನು ಆಕಾಶದಿಂದ ಇಳಿಸಿ ಯುದ್ಧವನ್ನು ನಿಲ್ಲಿಸುವ ದೃಶ್ಯವು ಆರಂಭದಲ್ಲಿ ಕೊಟ್ಟ ವರಗಳಿಂದಲೇ ಹುಟ್ಟಿದುದು. ಮಾಯಾಬಜಾರಿನಲ್ಲಿ ಸಹಾಯಕರಾಗಿ ದುಡಿದ ಸಿಂಗೀತಂ ಶ್ರೀನಿವಾಸರಾಯರು 1991ರಲ್ಲಿ ‘ಆದಿತ್ಯ 369’ ಎಂಬ ತೆಲುಗು ಚಿತ್ರದ ಕಾಲಯಂತ್ರವನ್ನು ಕೃಷ್ಣದೇವರಾಯನ ಕಾಲದ ವಿಜಯನಗರಕ್ಕೆ ಕಳುಹಿಸಿದರು. ಹಂಪೆಯು ನಮ್ಮ ನೆಲದಲ್ಲಿದೆ. ಆ ಆಲೋಚನೆಯು ನಮ್ಮವರಿಗೆ ಏಕೆ ಮೊದಲು ಹೊಳೆಯಲಿಲ್ಲ?

ಹಣವಾದರೂ ತಾನು ಭರವಸೆಯಿತ್ತ ಸೊಬಗನ್ನು ಕೊಡುತ್ತದೆಯೆ? 2023ರಲ್ಲಿ ನೂರಾರು ಕೋಟಿ ರೂಪಾಯಿಗಳ ವೆಚ್ಚದಲ್ಲಿ ರಾಮಾಯಣವನ್ನು ತೆರೆಗೆ ತಂದ ‘ಆದಿಪುರುಷ್’ ಚಿತ್ರದ ಗ್ರಾಫಿಕ್ಸನ್ನು ಟೀಸರ್ ಬಂದ ದಿನದಿಂದಲೇ ದೇಶವೆಲ್ಲ ಆಕ್ಷೇಪಿಸಿತು. ಬಿಡುಗಡೆಯನ್ನು ಮುಂದೂಡಿ ಅದನ್ನು ತಿದ್ದಿದರೂ ಚಿತ್ರವು ಜನಮನವನ್ನು ಗೆಲ್ಲಲಿಲ್ಲ. ಇಬ್ಬರ ಕೈಗಳು ಹಿಡಿದ ತೆರೆಯ ಹಿಂದಿನಿಂದ ಎದ್ದುಬರುವ ನಮ್ಮ ಯಕ್ಷಗಾನದ ರಾವಣನ ಮುಂದೆ, ಚಂಡೆಯ ಒಂದು ಪೆಟ್ಟಿಗೆ ಲಂಕೆಯು ಗದ್ದೆಯ ಬಯಲಿನಲ್ಲಿ ಪ್ರತ್ಯಕ್ಷವಾಗುವುದನ್ನು ಬಲ್ಲ ಜನಕ್ಕೆ, ಹಣದಿಂದ ಕೊಂಡ ಲಂಕೆಯು ಹೇಗೆ ಸಾಕಾದೀತು?

ಇನ್ನೂ ಗುರುತರವಾದ ಆರೋಪವೆಂದರೆ, ಈ ಮತವು ಅದ್ಭುತಚಿತ್ರಗಳ ನಾಲಗೆಯನ್ನು ಕತ್ತರಿಸುತ್ತದೆ. ನೇರವಾಗಿ ನುಡಿಯಲಾಗದ ಭಯಗಳನ್ನೂ ಪಾಪಗಳನ್ನೂ ನುಡಿಯುವುದಕ್ಕೆಂದೇ ಮನುಷ್ಯನು ಈ ಪ್ರಕಾರವನ್ನು ಸೃಷ್ಟಿಸಿಕೊಂಡನು. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕವು ಸಿಡಿಸಿದ ಜಲಜನಕ ಬಾಂಬಿನ ವಿಷಧೂಳಿಯು ಜಪಾನಿನ ಒಂದು ಮೀನುಗಾರಿಕೆಯ ದೋಣಿಯ ಮೇಲೆ ಸುರಿಯಿತು. ಹಿರೋಷಿಮಾ, ನಾಗಾಸಾಕಿಗಳ ಗಾಯವು ಮಾಯುವ ಮೊದಲೇ ಬಂದ ಈ ಆಘಾತದಿಂದ, ಅದೇ ವರ್ಷದ ನವೆಂಬರಿನಲ್ಲಿ, ಇಷಿರೊ ಹೋಂಡಾ ನಿರ್ದೇಶಿಸಿದ ‘ಗಾಡ್ಜಿಲ್ಲಾ’ ಹುಟ್ಟಿತು. ಬಾಂಬಿನ ಪರೀಕ್ಷೆಗಳು ಎಬ್ಬಿಸಿದ ಆ ಮೃಗವು ತೋರಿಕೆಗೆ ವೇಷ ತೊಟ್ಟ ಒಬ್ಬ ನಟ. ಅರ್ಥದಲ್ಲಿ ಒಂದು ಜನಾಂಗದ ಆರ್ತನಾದ. ಮೃಗವನ್ನು ಕೊಲ್ಲಬಲ್ಲ ಅಸ್ತ್ರವನ್ನು ಕಂಡುಹಿಡಿದ ವಿಜ್ಞಾನಿಯು, ಅದು ರಾಷ್ಟ್ರಗಳ ಕೈಗೆ ಸಿಕ್ಕಬಾರದೆಂದು ತನ್ನ ಟಿಪ್ಪಣಿಗಳನ್ನು ಸುಟ್ಟು, ಅಸ್ತ್ರದೊಡನೆ ತಾನೂ ಸಮುದ್ರದಲ್ಲಿ ಅಳಿಯುತ್ತಾನೆ. 1956ರಲ್ಲಿ ಅಮೆರಿಕದ ವ್ಯಾಪಾರಿಗಳು ಈ ಚಿತ್ರವನ್ನು ತಮ್ಮ ದೇಶಕ್ಕೆ ಒಯ್ದಾಗ, ಬಾಂಬಿನ ಮಾತನ್ನು ಬಹುಮಟ್ಟಿಗೆ ಕತ್ತರಿಸಿ, ಅಮೆರಿಕದ ನಟನೊಬ್ಬನನ್ನು ನಡುವೆ ಸೇರಿಸಿ, ಮೃಗವು ಊರನ್ನು ಕೆಡಹುವ ಭಾಗವನ್ನು ಉಳಿಸಿಕೊಂಡರು. ಕಣ್ಣಿನ ಹಬ್ಬ ಸಾಕೆಂಬ ಸಿದ್ಧಾಂತವು ಕಾರ್ಯರೂಪಕ್ಕೆ ಬಂದಾಗ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣವು ಬೇಕೆ? ತರ್ಕವನ್ನು ಕೇಳಬಾರದೆಂದವರು ಕೊನೆಗೆ ಯಾವ ಪ್ರಶ್ನೆಯಿಂದ ನಮ್ಮನ್ನು ದೂರವಿರಿಸುತ್ತಾರೆ? ಈ ಮೃಗವನ್ನು ಎಬ್ಬಿಸಿದವರು ಯಾರು ಎಂಬ ಪ್ರಶ್ನೆಯಿಂದ.

ಇವೆಲ್ಲ ಮಕ್ಕಳ ಚಿತ್ರಗಳಲ್ಲವೆ, ಇಷ್ಟು ಗಂಭೀರವಾದ ವಿಚಾರವೇಕೆ ಎಂದು ಕೇಳುವವರು ಮಕ್ಕಳನ್ನು ಬಲ್ಲವರಲ್ಲ. ಕುಂಟಾಬಿಲ್ಲೆಯಾಡುವ ಮಗುವು ಗೆರೆ ತುಳಿದ ಗೆಳತಿಯನ್ನು ಕ್ಷಮಿಸುವುದಿಲ್ಲ. ರಾತ್ರಿ ಅಜ್ಜಿ ಹೇಳುವ ಕಥೆಯಲ್ಲಿ ನಿನ್ನೆ ಏಳು ಸಮುದ್ರಗಳಿದ್ದುದು ಇಂದು ಆರಾದರೆ ತಡೆದು ತಿದ್ದುತ್ತದೆ. ಕಲ್ಪನೆಗೆ ನಿಯಮ ಬೇಕೆಂಬ ಅರಿವು ಮನುಷ್ಯನಿಗೆ ಹುಟ್ಟಿನಿಂದಲೇ ಬಂದುದು; ಅದನ್ನು ಮರೆಸುವವರು ದೊಡ್ಡವರು. ಮಕ್ಕಳಿಗೆಂದು ಕಳಪೆಯಾದುದನ್ನು ಮಾಡಬಹುದೆಂಬ ಭಾವನೆಗಿಂತ ನೀಚವಾದ ಭಾವನೆಯು ಕಲೆಯಲ್ಲಿ ಇನ್ನೊಂದಿಲ್ಲ. ಜಪಾನಿನ ಹಯಾವೊ ಮಿಯಾಜಾಕಿ 2001ರ ‘ಸ್ಪಿರಿಟೆಡ್ ಅವೇ’ ಚಿತ್ರದಲ್ಲಿ ಹತ್ತು ವರ್ಷದ ಒಂದು ಹುಡುಗಿಯನ್ನು ದೇವತೆಗಳ ಸ್ನಾನಗೃಹದಲ್ಲಿ ಕೆಲಸಕ್ಕೆ ನಿಲ್ಲಿಸಿ, ದುಡಿಮೆ, ದುರಾಸೆ, ಹೊಲಸಾದ ನದಿ, ಕಳೆದುಹೋದ ಹೆಸರು ಎಂಬ ವಿಷಯಗಳನ್ನೆಲ್ಲ ಅವಳ ಕಣ್ಣಿನಿಂದಲೇ ತೋರಿಸಿದನು. ಲೋಕದ ಮಕ್ಕಳೆಲ್ಲ ಅದನ್ನು ಅರಿತುಕೊಂಡರು.

ದಿನವೆಲ್ಲ ದುಡಿದು ದಣಿದವನಿಗೆ ಆಲೋಚನೆಯ ಭಾರವೇಕೆ ಎಂಬ ಕನಿಕರದ ಮಾತೂ ಕೇಳಿಬರುತ್ತದೆ. ಆ ದುಡಿದವನನ್ನು ಅವಮಾನಿಸುವ ಮಾತು ಇದು. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಹಗಲೆಲ್ಲ ಗದ್ದೆ ತೋಟಗಳಲ್ಲಿ ಬೆವರು ಹರಿಸಿದ ಜನ ಇರುಳೆಲ್ಲ ಕುಳಿತು ತಾಳಮದ್ದಳೆಯನ್ನು ಕೇಳಿದರು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಮಾತಿನ ಮೇಲೆ ಮಾತು ಮಾತ್ರ. ಬಾಣ ತಗುಲಿ ಬಿದ್ದ ಕಪಿಯೊಬ್ಬನು ಅವತಾರಪುರುಷನನ್ನೇ ಧರ್ಮದ ಕಟಕಟೆಯಲ್ಲಿ ನಿಲ್ಲಿಸುವ ವಾಲಿವಧೆಯ ಪ್ರಸಂಗದಲ್ಲಿ, ಶೇಣಿ ಗೋಪಾಲಕೃಷ್ಣ ಭಟ್ಟರಂತಹ ಅರ್ಥಧಾರಿಗಳ ವಾದಸರಣಿಯನ್ನು ಆಲಿಸಿ, ಯಾರ ಪಕ್ಷವು ಗೆದ್ದಿತೆಂದು ಮರುದಿನ ನೇಗಿಲ ಹಿಂದೆ ನಡೆಯುತ್ತ ಚರ್ಚಿಸಿದವರು ದಣಿದ ಜನರೇ. ಅವರ ಮೊಮ್ಮಕ್ಕಳಿಗೆ ಬುದ್ಧಿಯು ಭಾರವೆಂದು ತೀರ್ಮಾನಿಸುವ ಅಧಿಕಾರವನ್ನು ಯಾರು ಯಾರಿಗೆ ಕೊಟ್ಟರು?

ಕಣ್ಣಿನ ಹಬ್ಬಕ್ಕೆ ತೆರುವ ಮಾನವೀಯ ಬೆಲೆಯನ್ನೂ ಇಲ್ಲಿ ಹೇಳಲೇಬೇಕು. ‘ಲೈಫ್ ಆಫ್ ಪೈ’ ಚಿತ್ರದ ಹುಲಿಯನ್ನೂ ಕಡಲನ್ನೂ ಸೃಷ್ಟಿಸಿದ ರಿದಮ್ ಅಂಡ್ ಹ್ಯೂಸ್ ಸಂಸ್ಥೆಯು 2013ರ ಫೆಬ್ರುವರಿಯಲ್ಲಿ ಆ ಕಾರ್ಯಕ್ಕಾಗಿ ಆಸ್ಕರ್ ಪಡೆದಾಗ, ಅದೇ ತಿಂಗಳಿನಲ್ಲಿ ಅದು ದಿವಾಳಿಯ ಅರ್ಜಿಯನ್ನು ಸಲ್ಲಿಸಿಯಾಗಿತ್ತು. ಸಭಾಂಗಣದ ಒಳಗೆ ಬಹುಮಾನ, ಹೊರಗಿನ ಬೀದಿಯಲ್ಲಿ ಕಲಾವಿದರ ಪ್ರತಿಭಟನೆ. ವೇದಿಕೆಯ ಮೇಲೆ ಸಂಸ್ಥೆಯ ಸಂಕಟವನ್ನು ಹೇಳತೊಡಗಿದವರ ಮಾತನ್ನು ವಾದ್ಯಸಂಗೀತದಿಂದ ಮುಚ್ಚಲಾಯಿತು. ಆ ಸಂಸ್ಥೆಯ ಶಾಖೆಗಳು ಮುಂಬಯಿಯಲ್ಲಿಯೂ ಹೈದರಾಬಾದಿನಲ್ಲಿಯೂ ಇದ್ದವು. ಕಥೆಯ ಬಡತನವನ್ನು ಮುಚ್ಚುವುದಕ್ಕಾಗಿ ದೃಶ್ಯದ ಮೇಲೆ ದೃಶ್ಯವನ್ನು ಪೇರಿಸುವ ಪದ್ಧತಿಯ ಭಾರವೆಲ್ಲ ಕೊನೆಗೆ ಬೀಳುವುದು ಪರದೆಯ ಮುಂದೆ ಇರುಳುಗಳನ್ನು ಕಳೆಯುವ ಈ ಕೆಲಸಗಾರರ ಕಣ್ಣುಗಳ ಮೇಲೆ.

ಇನ್ನು ಕನ್ನಡದ ಮಾತು. ನಮ್ಮಲ್ಲಿ ಹಣವಿಲ್ಲ, ಮಾರುಕಟ್ಟೆ ಚಿಕ್ಕದು, ಆದುದರಿಂದ ಇಂತಹ ಚಿತ್ರಗಳು ನಮ್ಮಿಂದಾಗವು ಎಂಬುದು ನಮ್ಮ ಉದ್ಯಮದ ಸಿದ್ಧವಾದ ಉತ್ತರ. ಇಸ್ರೋ ಸಂಸ್ಥೆಯ ಕೇಂದ್ರಕಚೇರಿಯು ಬೆಂಗಳೂರಿನಲ್ಲಿದೆ. ಅಲ್ಲಿನ ವಿಜ್ಞಾನಿಗಳು 450 ಕೋಟಿ ರೂಪಾಯಿಗಳ ಮಿತಿಯಲ್ಲಿ ಮಂಗಳನೌಕೆಯನ್ನು ಕಳುಹಿಸಬೇಕಾದಾಗ, ದೊಡ್ಡ ರಾಕೆಟ್ಟು ಕೈಯಲ್ಲಿಲ್ಲವೆಂದು ಕೈಕಟ್ಟಿ ಕೂರಲಿಲ್ಲ. ಚಿಕ್ಕ ರಾಕೆಟ್ಟಿನಿಂದಲೇ 2013ರ ನವೆಂಬರ್ 5ರಂದು ನೌಕೆಯನ್ನು ಮೇಲೇರಿಸಿ, ಭೂಮಿಯ ಸುತ್ತ ಅದರ ಕಕ್ಷೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಗ್ಗಿಸುತ್ತ ಹೋಗಿ, ಕೊನೆಗೆ ಮಂಗಳದ ದಾರಿಗೆ ದೂಡಿದರು. 2014ರ ಸೆಪ್ಟೆಂಬರ್ 24ರಂದು ಮೊದಲ ಯತ್ನದಲ್ಲಿಯೇ ಅದು ಮಂಗಳನ ಕಕ್ಷೆಯನ್ನು ಸೇರಿತು. ಶಕ್ತಿಯ ಕೊರತೆಯನ್ನು ಯುಕ್ತಿಯು ತುಂಬಿತು. ಆ ನಗರದಲ್ಲಿಯೇ ಕುಳಿತು, ಹಣವಿಲ್ಲದೆ ಆಕಾಶವನ್ನು ಕಲ್ಪಿಸಿಕೊಳ್ಳಲಾರೆವೆಂದು ಕಥೆಗಾರರು ಹೇಳುವುದು ಎಂತಹ ಲಜ್ಜಾಸ್ಪದ ಸಂಗತಿ! ಹಾರುವ ಓತಿಯೊಂದರ ಬೆನ್ನುಹತ್ತಿ ಕಾಲದ ಆಳಕ್ಕಿಳಿಯುವ ತೇಜಸ್ವಿಯವರ ‘ಕರ್ವಾಲೊ’ 1980ರಿಂದ ನಮ್ಮ ಮುಂದಿದೆ. ರಾಜಶೇಖರ ಭೂಸನೂರಮಠರು ಕನ್ನಡದಲ್ಲಿ ವಿಜ್ಞಾನಕಥೆಯನ್ನು ಬರೆದಿಟ್ಟಿದ್ದಾರೆ. ಪ್ರೇಕ್ಷಕರೇ ಕೂಡಿಹಾಕಿದ ಹಣದಿಂದ 2013ರಲ್ಲಿ ಪವನ್ ಕುಮಾರ್ ತೆಗೆದ ‘ಲೂಸಿಯಾ’ದಲ್ಲಿ, ಚಿತ್ರಮಂದಿರದಲ್ಲಿ ಟಾರ್ಚು ಹಿಡಿಯುವ ಹುಡುಗನ ನಿದ್ರಾಹೀನತೆಯೂ ಒಂದು ಗುಳಿಗೆಯೂ ಕನಸು ನನಸುಗಳ ಒಂದು ಸುಸಂಬದ್ಧ ಲೋಕವನ್ನು ಕಟ್ಟಲು ಸಾಕಾದವು. 2024ರ ‘ಬ್ಲಿಂಕ್’ ತಾರೆಗಳ ಅಬ್ಬರವಿಲ್ಲದೆ ಕಾಲಯಾನದ ಕಥೆಯನ್ನು ಕನ್ನಡದಲ್ಲಿ ಹೇಳಿತು. ದಾರಿಯಿದೆಯೆಂದು ಇವು ತೋರಿಸಿವೆ, ನಡೆಯುವವರು ಸಾಲದಾಗಿದ್ದಾರೆ.

ಆದುದರಿಂದ ಈ ಸುಖಕರವಾದ ಅಸತ್ಯವನ್ನು ಇಂದೇ ತ್ಯಜಿಸತಕ್ಕದ್ದು. ನಿರ್ಮಾಪಕರು ಗ್ರಾಫಿಕ್ಸಿಗೆ ಮುಂಗಡ ಕೊಡುವ ಮೊದಲು ಬರಹಗಾರನಿಗೆ ಕಾಲವನ್ನೂ ಸಂಭಾವನೆಯನ್ನೂ ಗೌರವವನ್ನೂ ಕೊಡಲಿ. ತಮ್ಮ ಲೋಕದ ನಿಯಮಗಳಾವುವು, ಅವುಗಳ ಬೆಲೆಯೇನು ಎಂಬುದು ಕಾಗದದ ಮೇಲೆ ನಿಶ್ಚಿತವಾಗುವವರೆಗೆ ಕ್ಯಾಮೆರಾವನ್ನು ಎತ್ತದಿರಲಿ. ವಿಮರ್ಶಕರು ಲಾಜಿಕ್ ಹುಡುಕದಿದ್ದರೆ ಚೆನ್ನಾಗಿದೆ ಎಂಬ ವಾಕ್ಯವನ್ನು ಇನ್ನೆಂದಿಗೂ ಬರೆಯದಿರಲಿ. ಸಾಮಾಜಿಕ ಚಿತ್ರವನ್ನು ಅಳೆಯುವ ಕೋಲಿಗಿಂತ ಕಠಿನವಾದ ಕೋಲಿನಿಂದ ಅದ್ಭುತಚಿತ್ರವನ್ನು ಅಳೆಯಲಿ. ನಮ್ಮ ವಿಜ್ಞಾನಿಗಳೂ ಕಥೆಗಾರರೂ ಒಂದೇ ಊರಿನಲ್ಲಿದ್ದು ಪರಸ್ಪರ ಅಪರಿಚಿತರಾಗಿರುವ ಸ್ಥಿತಿಯು ಕೊನೆಗೊಳ್ಳಲಿ. ಎಲ್ಲಕ್ಕಿಂತ ಮುಖ್ಯವಾಗಿ ಪ್ರೇಕ್ಷಕರಾದ ನಾವು, ಹೇಗೆ, ಏಕೆ, ಯಾವ ಬೆಲೆಗೆ ಎಂಬ ಮೂರು ಪ್ರಶ್ನೆಗಳನ್ನು ಚಿತ್ರಮಂದಿರದೊಳಕ್ಕೆ ಒಯ್ಯೋಣ. ಉತ್ತರ ಕೊಡದ ಚಿತ್ರವನ್ನು, ಅದಕ್ಕೆ ಸುರಿದ ಹಣವೆಷ್ಟೇ ಇರಲಿ, ಅದರ ನಾಯಕನಾರೇ ಆಗಿರಲಿ, ತಿರಸ್ಕರಿಸೋಣ. ತನ್ನ ವಿವೇಕವನ್ನು ಹೊರಗಿಟ್ಟುಬಂದ ಪ್ರೇಕ್ಷಕನಿಗೆ ವಿಸ್ಮಯವು ದೊರೆಯಲಾರದು. ಎಚ್ಚರವಾಗಿರುವ ಬುದ್ಧಿಯೊಂದೇ ವಿಸ್ಮಯಪಡಬಲ್ಲುದು, ಮತ್ತು ಅಂತಹ ಬುದ್ಧಿಗೆ ಯೋಗ್ಯವಾದ ಅದ್ಭುತವನ್ನು ಕೇಳಿ ಪಡೆಯುವ ಹಕ್ಕು ನಮ್ಮದು.